ಆಫೀಸ್ ಗೋಡೆಯ ‘ಮಾಸ್’ಗೆ ನೀರು ಹಾಕಬೇಕಾ? ಸೊಸೈಟಿ ಲಾಬಿಗೂ ಹಾಕಿಸೋ ಮಾತಿದೆ, ತಿಳಿದವರು ಹೇಳಿ

ಹಿಂಜೆವಾಡಿ_ಹುಡುಗಿ
ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಿನ ರಿಸೆಪ್ಷನ್ ಗೋಡೆಗೆ ಹೋದ ವರ್ಷ ‘ಮಾಸ್ ವಾಲ್’ (ಹಾವಸೆಯ ಗೋಡೆ) ಹಾಕಿಸಿದರು. ಹೂಕೋಸಿನ ಥರ ಗುಂಡಗುಂಡಗೆ ಗೊಂಚಲು, ಗಿಳಿಹಸಿರು ಬಣ್ಣ. ನೋಡೋಕೆ ತುಂಬಾ ಚೆನ್ನಾಗಿದೆ. ಬೇಸಿಗೆಯಲ್ಲಿ ಮುಟ್ಟಿದರೆ ಪುಡಿಪುಡಿಯಾಗಿ ಉದುರುತ್ತಿತ್ತು ಅಂತ ಹೌಸ್‌ಕೀಪಿಂಗ್‌ನವರು ಸ್ಪ್ರೇ ಬಾಟಲಿಯಲ್ಲಿ ನೀರು ಹೊಡೆಯೋಕೆ ಶುರು ಮಾಡಿದರು. ಈಗ ಮಳೆಗಾಲ ಬೇರೆ. ಕೆಳಗಿನ ಬಿಳಿ ಗೋಡೆ ಮೇಲೆ ಹಸಿರು ನೀರು ಇಳಿದು ಕಲೆಯಾಗಿದೆ, ಮುಟ್ಟಿದರೆ ಕೈಗೆ ಅಂಟು.

ಮಾರಿದವರು ಆಗ ‘ಇದು ಜೀವಂತ ಮಾಸ್, ಗಾಳಿ ಶುದ್ಧ ಮಾಡುತ್ತೆ’ ಅಂದಿದ್ದರು. ನಿಜಕ್ಕೂ ಜೀವ ಇದೆಯಾ? ನೀರು ಬೇಕಾ ಬೇಡವಾ? ಪುಣೆ ಬಾಣೇರ್‌ನ ನಮ್ಮ ಸೊಸೈಟಿ ಲಾಬಿಗೂ ಇದನ್ನೇ ಹಾಕಿಸೋಣ ಅಂತ ಕಮಿಟಿಯಲ್ಲಿ ಚರ್ಚೆ ನಡೀತಿದೆ. ದುಡ್ಡು ಕೊಡೋ ಮುಂಚೆ ತಿಳ್ಕೋಬೇಕು.

ಧಾರವಾಡದಾಂವ
ಮೊದಲ ಆ ಸ್ಪ್ರೇ ಬಾಟ್ಲಿ ಕಸಗೊಳ್ರಿ. ನೀರ ಹಾಕಬ್ಯಾಡ್ರಿ.

ಮಾಟುಂಗಾ_ಮಾಣಿ
ಮಾರಾಯ್ರೆ, ಅಂಧೇರಿಯಲ್ಲಿ ನಮ್ಮ ಪರಿಚಯದವರ ಹೋಟೆಲಿನಲ್ಲಿಯೂ ಇದೇ ಕತೆ. ಜೂನ್ ಬಂದ ಕೂಡಲೇ ಗೋಡೆ ಬೆವರುವುದಕ್ಕೆ ಶುರು. ನೀರು ಯಾರೂ ಹಾಕಿರಲಿಲ್ಲ, ಮುಂಬಯಿಯ ಗಾಳಿಯೇ ಸಾಕಾಯಿತು. ಎಸಿ ಇಡೀ ದಿನ ಓಡುವ ಜಾಗದಲ್ಲಿ ಮಾತ್ರ ಇದು ನಿಲ್ಲುವುದು. ನಿಮ್ಮ ಸೊಸೈಟಿ ಲಾಬಿ ತೆರೆದದ್ದಾದರೆ ಬೇಡವೇ ಬೇಡ.

ಟೇಕಡಿ_ತಿರುಗಾಟ
ಅದು ಮಾಸ್ ಅಲ್ಲ. ಹೂಕೋಸಿನಂಥ ಗುಂಡು ಗೊಂಚಲು ಅಂದಿರಲ್ಲ, ಆ ಆಕಾರ ಕೇಳಿದರೆ ಕ್ಲಾಡೋನಿಯಾ ಸ್ಟೆಲ್ಲಾರಿಸ್ ಅನ್ನೋ ಕಲ್ಲುಹೂವೇ ಇರಬೇಕು, ಅಂದರೆ ಲೈಕನ್. ಅಲಂಕಾರದ ವ್ಯಾಪಾರದಲ್ಲಿ ಹೆಚ್ಚಾಗಿ ಬಳಕೆಯಾಗೋದು ಅದೇ. ‘ರೇನ್‌ಡೀರ್ ಮಾಸ್’ ಅಂತ ಮಾರುತ್ತಾರೆ. ಉತ್ತರದ ಚಳಿನಾಡುಗಳ ಕಾಡಿನಲ್ಲಿ, ಪೈನ್ ಮರಗಳ ಕೆಳಗೆ, ಬಡ ಮರಳುಮಣ್ಣಿನ ಮೇಲೆ ಹಾಸಿಗೆ ಹಾಸಿದ ಹಾಗೆ ಬೆಳೆಯುತ್ತೆ. ನಿಮ್ಮ ಗೋಡೆ ಮೇಲಿರೋದು ಕಿತ್ತು, ಗ್ಲಿಸರಿನ್ನಿನಲ್ಲಿ ನೆನೆಸಿ, ಬಣ್ಣ ಹಾಕಿದ್ದು. ಜೀವ ಇಲ್ಲ. ಹಾಗಾಗಿ ಗಾಳಿ ಶುದ್ಧ ಮಾಡೋ ಪ್ರಶ್ನೆಯೂ ಇಲ್ಲ. ರಂಧ್ರಗಳು ಜಾಸ್ತಿ ಇರೋದರಿಂದ ಕೋಣೆಯಲ್ಲಿ ಸದ್ದು ಸ್ವಲ್ಪ ಹೀರಿಕೊಳ್ಳುತ್ತೆ, ಅಷ್ಟು ನಿಜ.

ಇಳಿದ ಹಸಿರು ನೀರು ಅಂದರೆ ಬಣ್ಣ ಮತ್ತು ಗ್ಲಿಸರಿನ್. ಗ್ಲಿಸರಿನ್ ಗಾಳಿಯ ತೇವ ಎಳೆದುಕೊಳ್ಳುತ್ತೆ, ಅತಿಯಾದಾಗ ತೊಟ್ಟಿಕ್ಕುತ್ತೆ. ಒಣಗಿ ಗರಿಗರಿಯಾದರೆ ನೀರು ಹೊಡೆಯೋ ಅಗತ್ಯ ಇಲ್ಲ. ಕೋಣೆಯ ತೇವ ಸರಿಹೋದರೆ ತಾನಾಗಿ ಮೆತ್ತಗಾಗುತ್ತೆ.

ಸಹಜ ಬಣ್ಣ ಗಿಳಿಹಸಿರೂ ಅಲ್ಲ. ಹಳದಿ ಬೆರೆತ ಮಾಸಲು ಬಿಳಿ. ಆ ಹಳದಿಗೆ ಕಾರಣ ಉಸ್ನಿಕ್ ಆಮ್ಲ ಅನ್ನೋ ವಸ್ತು.

ಕೊತ್ರೂಡ್_ಕನ್ನಡತಿ
ಕಲ್ಲುಹೂ ಅಂದರೆ ಮಂಡಈ ಮಾರುಕಟ್ಟೇಲಿ ಸಿಗೋ ದಗಡ್‌ಫೂಲಾ? ಗೋಡಾ ಮಸಾಲೆಗೆ ನಾನು ಪ್ರತಿ ಸಲ ತರ್ತೀನಿ. ಅದು ಕಪ್ಪು ಬೂದು ಬಣ್ಣದ ಚಕ್ಕೆಗಳು, ಗೊಂಚಲಲ್ಲ.

ಟೇಕಡಿ_ತಿರುಗಾಟ
ದಗಡ್‌ಫೂಲ್ ಬೇರೆ ಕುಲ, ಪಾರ್ಮೋಟ್ರೀಮಾ. ಅದು ಎಲೆಯ ಹಾಗೆ ಚಪ್ಪಟೆ, ಮರದ ತೊಗಟೆ ಮತ್ತು ಬಂಡೆ ಮೇಲೆ ಅಂಟಿಕೊಂಡು ಬೆಳೆಯೋದು. ಕ್ಲಾಡೋನಿಯಾ ಪೊದೆಯ ಹಾಗೆ ಮೇಲಕ್ಕೆ ಕವಲೊಡೆಯೋದು, ಇದರ ನೆಲೆ ನೆಲ. ದಯವಿಟ್ಟು ಯಾರೂ ಗೋಡೆಯದನ್ನು ಮಸಾಲೆಗೆ ಹಾಕಬೇಡಿ, ಬಣ್ಣ ಏನು ಹಾಕಿದ್ದಾರೋ ಗೊತ್ತಿರಲ್ಲ.

ಸೋಲಾಪುರ_ಸ್ಟೇಷನ್
ಪಿಯುಸಿ ಬಯಾಲಜಿಯಲ್ಲಿ ಓದಿದ್ದು ನೆನಪಾಯ್ತು. ಕಲ್ಲುಹೂ ಅಂದರೆ ಪಾಚಿ + ಶಿಲೀಂಧ್ರ, ಇಬ್ಬರ ಸಹಜೀವನ. ಶಿಲೀಂಧ್ರ ಮನೆ ಕಟ್ಟುತ್ತೆ, ಪಾಚಿ ಅಡಿಗೆ ಮಾಡುತ್ತೆ ಅಂತ ನಮ್ಮ ಮೇಷ್ಟ್ರು ಹೇಳ್ತಿದ್ದರು. ಅಷ್ಟೇ ತಾನೆ?

ಧಾರವಾಡದಾಂವ
ಅಷ್ಟ ಅಂದ್ರ ಕಡಿಮಿ ಆತ್ರಿ. 1860ರ ದಶಕದಾಗ ಸ್ವಿಟ್ಜರ್ಲೆಂಡಿನ ಸಸ್ಯಶಾಸ್ತ್ರಜ್ಞ ಶ್ವೆಂಡೆನರ್ ‘ಇದು ಒಂದ ಜೀವಿ ಅಲ್ಲ, ಎರಡು’ ಅಂದಾಗ ದೊಡ್ಡ ದೊಡ್ಡ ಕಲ್ಲುಹೂ ತಜ್ಞರು ಅವನ ಮ್ಯಾಲೆ ಹರಿಹಾಯ್ದಿದ್ರು. ಆಮ್ಯಾಲೆ ಆ ಮಾತ ಪಾಠದಾಗ ಬಂತು. 2016ರಾಗ ‘ಸೈನ್ಸ್’ ಪತ್ರಿಕೆಯೊಳಗ ಇನ್ನೊಂದ ಸುದ್ದಿ: ಭಾಳಷ್ಟು ಕಲ್ಲುಹೂಗಳ ಹೊರಪದರದಾಗ ಮೂರನೇದೊಂದು ಯೀಸ್ಟ್ ಸೈತ ಅದ ಅಂತ. ಅದರ ಕೆಲಸ ಏನು ಅನ್ನೋದರ ಬಗ್ಗೆ ಇನ್ನೂ ವಾದ ನಡದದ. ಪಿಯುಸಿ ಪಾಠಕ್ಕ ಪೂರ್ಣವಿರಾಮ ಇಡಬ್ಯಾಡ್ರಿ.

ಟೇಕಡಿ_ತಿರುಗಾಟ
ಒಳ್ಳೆ ಮಾತು. ಅದಕ್ಕೊಂದು ಸೇರ್ಪಡೆ: ಈ ಸ್ಟೆಲ್ಲಾರಿಸ್‌ಗೆ ಆ ಥರದ ಬಿಗಿಯಾದ ಹೊರಪದರವೇ ಇಲ್ಲ. ಕೊಂಬೆ ಒಳಗೆ ಟೊಳ್ಳು, ಹೊರಗೆ ಸಡಿಲ ಎಳೆಗಳು, ಆ ಎಳೆಗಳ ನಡುವೆ ಪಾಚಿಯ ಗುಂಪುಗಳು. ಲೆನ್ಸ್ ಹಿಡಿದು ನೋಡಿದರೆ ಮೈ ಹತ್ತಿ ಎಳೆದ ಹಾಗೆ ಕಾಣುತ್ತೆ. ಬೇರಿಲ್ಲ, ನೀರು ಸಾಗಿಸೋ ನಾಳ ಇಲ್ಲ. ಮಂಜು, ಇಬ್ಬನಿ, ಮಳೆ, ಗಾಳಿಯ ಆವಿ, ಎಲ್ಲಾ ನೇರ ಮೈಯಿಂದಲೇ ಒಳಗೆ. ತೇವ ಸಿಕ್ಕಾಗ ಉಸಿರಾಟ, ದ್ಯುತಿಸಂಶ್ಲೇಷಣೆ ಶುರು. ಒಣಗಿದರೆ ಎಲ್ಲಾ ನಿಲ್ಲಿಸಿ ಕಾಯುತ್ತೆ. ಸಾಯೋದಿಲ್ಲ, ಕಾಯುತ್ತೆ.

ಹಿಂಜೆವಾಡಿ_ಹುಡುಗಿ
ಇಷ್ಟೊಂದು ವಿಷಯ ಇದೆ ಅಂತ ಊಹಿಸಿರಲಿಲ್ಲ! ಸರಿ, ಸ್ಪ್ರೇ ನಿಲ್ಲಿಸಿದೆವು. ಕಮಿಟಿ ಪ್ರಶ್ನೆ ಉಳೀತು. ಎಸಿ ಇರೋ ಕ್ಲಬ್‌ಹೌಸ್ ಒಳಗೆ ಹಾಕಿಸಬಹುದಾ? ಕಿತ್ತರೆ ಮತ್ತೆ ಬೆಳೆಯುತ್ತಲ್ಲ, ಹುಲ್ಲಿನ ಥರ?

ಟೇಕಡಿ_ತಿರುಗಾಟ
ಇಲ್ಲಿ ನನಗೆ ಸ್ವಲ್ಪ ಉದ್ದ ಬರೆಯಬೇಕು, ಕ್ಷಮೆ ಇರಲಿ. ‘ಮತ್ತೆ ಬೆಳೆಯುತ್ತಲ್ಲ’ ಅನ್ನೋ ಮಾತಿನಲ್ಲೇ ಎಲ್ಲಾ ಇದೆ.

ಈ ಕಲ್ಲುಹೂ ವರ್ಷಕ್ಕೆ ಬೆಳೆಯೋದು ಸುಮಾರು 4–5 ಮಿಲಿಮೀಟರ್. ತುದಿಯಲ್ಲಿ ಸಾಮಾನ್ಯವಾಗಿ ವರ್ಷಕ್ಕೊಂದು ಕವಲು. ಹಾಗಾಗಿ ಒಂದು ಕೊಂಬೆ ಹಿಡಿದು ಕೆಳಗಿನಿಂದ ಮೇಲಕ್ಕೆ ಕವಲಿನ ಗೆಣ್ಣು ಎಣಿಸಿದರೆ ಜೀವಂತ ಭಾಗದ ವಯಸ್ಸು ಅಂದಾಜು ಸಿಗುತ್ತೆ. ಸ್ವಲ್ಪ ವರ್ಷ ಬೆಳೆದ ಮೇಲೆ ಬುಡ ಕೊಳೆಯೋಕೆ ಶುರು. ಮೇಲೆ ಬೆಳೆದಷ್ಟು ಕೆಳಗೆ ಕರಗುತ್ತೆ. ಎತ್ತರ ಹಾಗೇ ಇದ್ದರೂ ಒಳಗೆ ವಯಸ್ಸು ಸಾಗುತ್ತಲೇ ಇರುತ್ತೆ.

ಕಾಡಿಗೆ ಬೆಂಕಿ ಬಿದ್ದರೆ ಏನಾಗುತ್ತೆ ನೋಡಿ. ಒಣಗಿದ ಕಲ್ಲುಹೂ ಹಾಸು ಒಳ್ಳೆ ಉರುವಲು, ಎಲ್ಲಾ ಹೋಗುತ್ತೆ. ಮೊದಲು ಬರೋದು ನೆಲಕ್ಕೆ ಅಂಟಿದ ಪೊರೆಯಂಥವು. ಆಮೇಲೆ ಪುಟ್ಟ ಬಟ್ಟಲಿನ ಆಕಾರದ ಕ್ಲಾಡೋನಿಯಾಗಳು. ಆಮೇಲೆ ಇದೇ ಕುಲದ ಮಿಟಿಸ್, ರ‍್ಯಾಂಜಿಫೆರಿನಾ. ಸ್ಟೆಲ್ಲಾರಿಸ್ ಕಡೆಗೆ ಬರೋದು. ಕೆನಡಾದ ಕ್ಯುಬೆಕ್ ಕಡೆಯ ಸ್ಪ್ರೂಸ್ ಕಾಡುಗಳಲ್ಲಿ ಇದು ನೆಲ ಪೂರ್ತಿ ಆವರಿಸೋಕೆ 80–100 ವರ್ಷ ಹಿಡಿಯಬಹುದು. ಮಧ್ಯೆ ಇನ್ನೊಂದು ಬೆಂಕಿ ಬಂದರೆ ಮತ್ತೆ ಮೊದಲಿಂದ.

ಬೀಜಕದಿಂದ ಹೊಸದು ಹುಟ್ಟೋದು ಕಡಿಮೆ. ಮುಖ್ಯವಾಗಿ ಚೂರುಗಳಿಂದ. ಒಣಗಿದಾಗ ಹಿಮಸಾರಂಗ (ರೇನ್‌ಡೀರ್) ತುಳಿದು ಪುಡಿಯಾದ ತುಂಡು ಗಾಳಿಗೆ ಹಾರಿ, ತೇವ ಸಿಕ್ಕ ಕಡೆ ಹಿಡಿದುಕೊಂಡು ಬೆಳೆಯುತ್ತೆ. ಹಾಗಾಗಿ ಸ್ವಲ್ಪ ಉಳಿಸಿ ಕಿತ್ತರೆ ಚೇತರಿಕೆ ಇದೆ, ಪೂರ್ತಿ ಬಾಚಿದರೆ ದಶಕಗಳೇ ಬೇಕು. ನಿಮ್ಮ ಗೋಡೆ ಮೇಲಿನ ಒಂದೊಂದು ಗೊಂಚಲಿನ ಹಿಂದೆ ಅಷ್ಟು ವರ್ಷ ಇದೆ. ಐದು ವರ್ಷಕ್ಕೊಮ್ಮೆ ಬದಲಿಸೋ ಲಾಬಿಯ ಅಲಂಕಾರಕ್ಕೆ ಅದು ಬೇಕಾ ಅನ್ನೋದು ನನ್ನ ಪ್ರಶ್ನೆ. ನನ್ನ ಮಟ್ಟಿಗೆ ಉತ್ತರ: ಬೇಡ.

ವಿಮಾನನಗರ_ವಿನ್ಯಾಸ
ನಾನು ಇಂಟೀರಿಯರ್ ಕೆಲಸದಲ್ಲೇ ಇದ್ದೀನಿ, ಎದುರು ವಾದ ಹೇಳಲೇಬೇಕು. ಈ ಕಲ್ಲುಹೂ ಕಳ್ಳಸಾಗಣೆ ಮಾಲಲ್ಲ. ಫಿನ್ಲೆಂಡಿನಲ್ಲಿ ಕಾಡಿನ ಹಣ್ಣು, ಅಣಬೆ ಯಾರು ಬೇಕಾದರೂ ಕೀಳಬಹುದು, ಕಲ್ಲುಹೂ ಕೀಳೋಕೆ ಮಾತ್ರ ಜಮೀನಿನ ಯಜಮಾನರ ಒಪ್ಪಿಗೆ ಬೇಕು. ಹೈಲುವೋಟೋ ಅನ್ನೋ ದ್ವೀಪದಿಂದ ಜರ್ಮನಿಗೆ ಹೂಮಾಲೆ, ಸಮಾಧಿ ಅಲಂಕಾರಕ್ಕೆ ದಶಕಗಳಿಂದ ಹೋಗಿದೆ. ಅಲ್ಲಿನ ಕುಟುಂಬಗಳು ಕೈಯಲ್ಲೇ ಆರಿಸಿ ಪೆಟ್ಟಿಗೆ ತುಂಬಿ ಬದುಕಿದ್ದಾವೆ. ಕಿತ್ತ ಜಾಗ ಬಿಟ್ಟು ಬೇರೆ ಜಾಗಕ್ಕೆ ಹೋಗಿ ವರ್ಷಗಳ ನಂತರ ವಾಪಸ್ ಬರುತ್ತಾರೆ. ಅದರ ಬದಲು ನೀವು ಪ್ಲಾಸ್ಟಿಕ್ ಹುಲ್ಲು ಹಾಕಿಸಿದರೆ ಪರಿಸರಕ್ಕೆ ಒಳ್ಳೆಯದಾ?

ಕೊತ್ರೂಡ್_ಕನ್ನಡತಿ
ಪ್ಲಾಸ್ಟಿಕ್ ಹುಲ್ಲು ಅಥವಾ ಕಲ್ಲುಹೂ, ಎರಡರಲ್ಲೊಂದೇ ಯಾಕೆ? ಮನಿಪ್ಲಾಂಟ್ ಕುಂಡ ಇಡಿ. ಪುಣೆಯ ಹವೆಯಲ್ಲಿ ಬೆಳೀದೇ ಇರೋ ಗಿಡ ಯಾವುದಿದೆ?

ಧಾರವಾಡದಾಂವ
ವಿಮಾನನಗರದವ್ರ ಮಾತಿನಾಗ ಹುರುಳ ಅದ, ಆದ್ರ ಇತಿಹಾಸ ಬ್ಯಾರೆನ ಹೇಳ್ತದ. 1860ರ ದಶಕದ ಕಡೀಗೆ ಸ್ವೀಡನ್ನಿನಾಗ ಸ್ಟೆನ್‌ಬರ್ಗ್ ಅನ್ನೋ ರಸಾಯನಶಾಸ್ತ್ರಜ್ಞ ಇದ ಹಿಮಸಾರಂಗದ ಕಲ್ಲುಹೂವಿನಿಂದ ಬ್ರಾಂಡಿ ಇಳಸೋ ಪದ್ಧತಿ ಕಂಡ ಹಿಡದ. ಆಮ್ಲದಾಗ ಕುದಿಸಿದ್ರ ಅದರ ಪಿಷ್ಟ ಸಕ್ಕರಿ ಆಗ್ತದ, ಸಕ್ಕರಿ ಹುಳಿ ಬರಸಿದ್ರ ಮದ್ಯ. ಭಟ್ಟಿಗಳು ಎದ್ದವು, ಧಾನ್ಯ ಉಳೀತು ಅಂತ ಜನಾ ಖುಷಿ ಆದ್ರು. 1880ರ ದಶಕದ ನಡುವ ಆ ಉದ್ಯೋಗ ನಿಂತ ಹೋತು. ಯಾಕ? ಸುತ್ತಲಿನ ಕಲ್ಲುಹೂ ಖಾಲಿ ಆಗಿತ್ತು. ಭಟ್ಟಿಯ ಹಸಿವಿಗೂ ಅದರ ಬೆಳವಣಿಗಿಗೂ ತಾಳ ಕೂಡಲಿಲ್ಲ. ಇವತ್ತ ಪುಣೆ, ಮುಂಬೈ, ಬೆಂಗಳೂರು, ದುಬೈ ಎಲ್ಲಾ ಕಡೆ ಆಫೀಸಿಗೊಂದ ಗೋಡಿ ಬೇಕಂದ್ರ ಲೆಕ್ಕ ಹಾಕ್ರಿ.

ವಾಸ್ಕೋ_ವಾಸಿ
ಬ್ರಾಂಡಿ ವಿಷಯ ಬಂದ ಮೇಲೆ ಗೋವಾದವರು ಸುಮ್ಮನಿರೋಕೆ ಆಗತ್ತಾ. ರುಚಿ ಹೇಗಿತ್ತಂತೆ?

ಧಾರವಾಡದಾಂವ
ರುಚಿ ನನಗ ಗೊತ್ತಿಲ್ರಿ. ಗೋಡಂಬಿ ಹಣ್ಣ ವರ್ಷಾ ಬರ್ತಾವ, ನಿಮ್ಮ ಫೆನ್ನಿಗೆ ಆ ಚಿಂತಿ ಇಲ್ಲ.

ಚೆಂಬೂರು_ಚಾಳು
ಹಿಮಸಾರಂಗ ಅಂದಿರಿ, ಅದರ ದೊಡ್ಡ ಕತೆ ಯಾರೂ ಹೇಳಲಿಲ್ಲ. ಚೆರ್ನೋಬಿಲ್ ಅಣುಸ್ಥಾವರದ ದುರಂತ. 1986ರ ಏಪ್ರಿಲ್ 26. ವಿಕಿರಣದ ಧೂಳು ಸ್ಕ್ಯಾಂಡಿನೇವಿಯಾ ಮೇಲೆ ಮಳೆಯಾಗಿ ಇಳಿಯಿತು. ಮೇಲೆ ಹೇಳಿದ ಹಾಗೆ ಈ ಕಲ್ಲುಹೂಗೆ ಬೇರಿಲ್ಲ, ಆಕಾಶದಿಂದ ಬಿದ್ದದ್ದನ್ನು ಮೈಯೆಲ್ಲಾ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ವಿಕಿರಣ ಸೂಸುವ ಸೀಸಿಯಂ-137 ಅದರೊಳಗೆ ಸೇರಿತು. ಅದರ ಅರ್ಧಾಯುಷ್ಯ ಸುಮಾರು 30 ವರ್ಷ. ಚಳಿಗಾಲದಲ್ಲಿ ಹಿಮಸಾರಂಗ ಹಿಮ ಕೆರೆದು ತಿನ್ನುವುದು ಇದನ್ನೇ. ಅಲ್ಲಿಂದ ಮಾಂಸಕ್ಕೆ, ಮಾಂಸದಿಂದ ಅದನ್ನು ಸಾಕುವ ಅಲ್ಲಿನ ಮೂಲನಿವಾಸಿ ಸಾಮಿ ಜನರ ಊಟಕ್ಕೆ.

ಸ್ವೀಡನ್ನಿನಲ್ಲಿ ಕಿಲೋಗೆ 300 ಬೆಕೆರೆಲ್ (ವಿಕಿರಣದ ಅಳತೆ) ಮೀರಿದ ಮಾಂಸ ಮಾರುವಂತಿರಲಿಲ್ಲ. ಮೊದಲ ವರ್ಷ ರಾಶಿ ರಾಶಿ ಮಾಂಸ ಎಸೆದರು. 1987ರಲ್ಲಿ ಆ ಮಿತಿಯನ್ನು 1500ಕ್ಕೆ ಏರಿಸಿದರು. ನಾರ್ವೆ 1986ರ ನವೆಂಬರಿನಲ್ಲೇ ಹಿಮಸಾರಂಗದ ಮಾಂಸಕ್ಕೆ 6000ಕ್ಕೆ ಏರಿಸಿತ್ತು. ಅಷ್ಟು ಮಾಡದಿದ್ದರೆ ಸಾಮಿಗಳ ಪಶುಪಾಲನೆಯೇ ಮುಗಿಯುತ್ತಿತ್ತು. ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆಯ ಯಾರದೋ ರಿಯಾಕ್ಟರ್, ಇವರ ತಟ್ಟೆ. ಆ ಸಮುದಾಯಕ್ಕೆ ಆದ ಅನ್ಯಾಯ ಎಷ್ಟು ದೊಡ್ಡದು ಅಂತ ಯೋಚನೆ ಮಾಡಿ.

ಸೋಲಾಪುರ_ಸ್ಟೇಷನ್
ಹಾಗಾದರೆ ಈಗ ನಮ್ಮ ಆಫೀಸ್ ಗೋಡೆಗೆ ಬಂದಿರೋದರಲ್ಲೂ ವಿಕಿರಣ ಇರುತ್ತಾ?? ಗಾಬರಿಯಾಯ್ತು.

ಚೆಂಬೂರು_ಚಾಳು
ಗಾಬರಿ ಬೇಡ. ಅಪಾಯ ಇದ್ದದ್ದು ತಿಂಗಳುಗಟ್ಟಲೆ ಅದನ್ನೇ ಮೇಯ್ದ ಪ್ರಾಣಿಯ ಮಾಂಸವನ್ನು ದಿನಾ ತಿನ್ನುವವರಿಗೆ. ಈಗ ಅದೆಷ್ಟೋ ಕರಗಿದೆ, ಬುಡ ಕೊಳೆತು ಹೊಸ ಬೆಳವಣಿಗೆಯೂ ಬಂದಿದೆ. ಗೋಡೆಯನ್ನು ಯಾರೂ ತಿನ್ನುವುದಿಲ್ಲ.

ಮಾಟುಂಗಾ_ಮಾಣಿ
ವಿಕಿರಣ ಬಿಡಿ, ಕೈ ತುರಿಕೆ ಉಂಟಲ್ಲ ಅದನ್ನು ನೋಡಿ. ಹೋಟೆಲಿನಲ್ಲಿ ಗೋಡೆ ಒರೆಸುವ ಹುಡುಗನ ಬೆರಳುಗಳ ಮಧ್ಯೆ ಕೆಂಪು ಎದ್ದಿತ್ತು. ಡಾಕ್ಟರು ಅಲರ್ಜಿ ಎಂದರು.

ಟೇಕಡಿ_ತಿರುಗಾಟ
ಸಾಧ್ಯ ಇದೆ. ಉಸ್ನಿಕ್ ಆಮ್ಲಕ್ಕೆ ಕೆಲವರ ಚರ್ಮ ತಿರುಗಿಬೀಳುತ್ತೆ. ಕಾಡಿನಲ್ಲಿ ಮರ ಕಡಿಯೋರು, ಹೂವಿನ ಅಂಗಡಿಯವರಲ್ಲಿ ಇದು ಹಿಂದಿನಿಂದ ಗೊತ್ತಿರೋ ತೊಂದರೆ. ಬಣ್ಣದಿಂದಲೂ ಆಗಬಹುದು. ಕೈಗವಸು ಕೊಡಿ ಆ ಹುಡುಗನಿಗೆ. ಹಿಂಜೆವಾಡಿಯವರೂ ನಿಮ್ಮ ಹೌಸ್‌ಕೀಪಿಂಗ್‌ನವರ ಕೈ ಒಮ್ಮೆ ಕೇಳಿ ನೋಡಿ. ಅವರು ತಾವಾಗಿ ಹೇಳೋದಿಲ್ಲ.

ಹಿಂಜೆವಾಡಿ_ಹುಡುಗಿ
ಕೇಳಿದೆ. ಒಬ್ಬರಿಗೆ ಇದೆಯಂತೆ, ಸೋಪಿನಿಂದ ಅಂದುಕೊಂಡಿದ್ದರಂತೆ. ನಾಳೆಯೇ ಅಡ್ಮಿನ್‌ಗೆ ಹೇಳ್ತೀನಿ.

ವಿಮಾನನಗರ_ವಿನ್ಯಾಸ
ಒಂದು ಅನುಮಾನ. ಅಷ್ಟು ಆಮ್ಲ ಇದ್ದರೆ ಹಿಮಸಾರಂಗ ಹೇಗೆ ತಿನ್ನುತ್ತೆ?

ಟೇಕಡಿ_ತಿರುಗಾಟ
ಅದರ ಹೊಟ್ಟೆಯ ಸೂಕ್ಷ್ಮಜೀವಿಗಳು ಉಸ್ನಿಕ್ ಆಮ್ಲವನ್ನು ಒಡೆಯುತ್ತವೆ. ಬೇರೆ ಮೇವಿನ ಪ್ರಾಣಿಗೆ ಅಷ್ಟು ಸುಲಭ ಅಲ್ಲ. ಕಲ್ಲುಹೂನಲ್ಲಿ ಶಕ್ತಿ ಕೊಡೋ ಪಿಷ್ಟದಂಥ ವಸ್ತು ಜಾಸ್ತಿ, ಪ್ರೊಟೀನ್ ತೀರಾ ಕಡಿಮೆ. ಚಳಿಗಾಲ ದಾಟಿಸೋ ಊಟ, ಮೈ ಬೆಳೆಸೋ ಊಟ ಅಲ್ಲ. ಹಿಮದಡಿ ಇದ್ದರೂ ವಾಸನೆಯಿಂದ ಪತ್ತೆ ಮಾಡಿ ಗೊರಸಿನಿಂದ ತೋಡುತ್ತೆ. ಈಗಿನ ದೊಡ್ಡ ಕಷ್ಟ ಅಂದರೆ ಚಳಿಗಾಲದ ಮಧ್ಯೆ ಮಳೆ ಬರೋದು. ಹಿಮದ ಮೇಲೆ ಮಳೆ ಬಿದ್ದು ಹೆಪ್ಪುಗಟ್ಟಿದರೆ ಗಟ್ಟಿ ಮಂಜುಗಡ್ಡೆಯ ಪದರ. ಕಲ್ಲುಹೂ ಅಂಗೈ ಆಳದಲ್ಲಿದ್ದರೂ ಗೊರಸಿಗೆ ಸಿಗಲ್ಲ, ಮಂದೆಗಳು ಉಪವಾಸ.

ಧಾರವಾಡದಾಂವ
ಸೇಂಟ್ ಮ್ಯಾಥ್ಯೂ ದ್ವೀಪದ್ದೂ ಹೇಳ್ರಿ ಅಕ್ಕಾರ. ಇಲ್ಲಾ ನಾನ ಹೇಳ್ತೀನಿ. ಬೇರಿಂಗ್ ಸಮುದ್ರದ ನಡುವ ಒಂದ ದ್ವೀಪ. 1944ರಾಗ ಅಮೆರಿಕಾದ ಕೋಸ್ಟ್ ಗಾರ್ಡ್‌ನವ್ರು ಅಲ್ಲಿ 29 ಹಿಮಸಾರಂಗ ತಂದ ಬಿಟ್ರು, ಕಾವಲಿನ ಸೈನಿಕರಿಗೆ ಆಪತ್ತಿನಾಗ ಊಟಕ್ಕಿರಲಿ ಅಂತ. ಯುದ್ಧ ಮುಗೀತು, ಸೈನಿಕರು ಹ್ವಾದ್ರು, ಪ್ರಾಣಿ ಉಳದ್ವು. ತ್ವಾಳ ಇಲ್ಲ, ಬ್ಯಾಟಿ ಇಲ್ಲ, ನೆಲದ ತುಂಬ ದಪ್ಪ ಕಲ್ಲುಹೂ ಹಾಸು. 1957ಕ್ಕ 1,350 ಆದ್ವು. 1963ಕ್ಕ 6,000. 1966ರಾಗ ಹೋಗಿ ನೋಡಿದ್ರ ಉಳದದ್ದು 42. ದ್ವೀಪದ ತುಂಬ ಎಲುಬು.

ಸೋಲಾಪುರ_ಸ್ಟೇಷನ್
ಅದು 1963–64ರ ಭೀಕರ ಚಳಿಯಿಂದ ಅಂತ ಓದಿದ್ದೆ. ಕಲ್ಲುಹೂ ಮುಗಿದದ್ದೇ ಕಾರಣ ಅಂತ ಹೇಗೆ ಹೇಳ್ತೀರಿ?

ಧಾರವಾಡದಾಂವ
ಎರಡೂ ಖರೆ. ಚಳಿ ಕೊಂದದ್ದು ಹೌದು. ಆದ್ರ ಮೈಯಾಗ ಕೊಬ್ಬ ಇದ್ದಿದ್ರ ಆ ಚಳಿ ದಾಟತಿದ್ವು. 1963ರಾಗನ ಸರಾಸರಿ ತೂಕ ಇಳದಿತ್ತು, ಕಲ್ಲುಹೂ ಮೇಯ್ದು ನೆಲ ಬರಿದಾಗಿತ್ತು. ಹುಲ್ಲು ಮರುವರ್ಷ ಬರ್ತದ. ಕಲ್ಲುಹೂ ಬರೂದಿಲ್ಲ. ಉಳದ 42ರಾಗ ಗಂಡು ಒಂದ ಇತ್ತು, ಅದರಿಂದನೂ ಮರಿ ಆಗಲಿಲ್ಲ. ಹಂಗ ಆ ಹಿಂಡ ಪೂರ್ತಿ ಅಳಿದು ಹೋತು.

ಕೊತ್ರೂಡ್_ಕನ್ನಡತಿ
ಓದಿ ಹೊಟ್ಟೆಯಲ್ಲಿ ಸಂಕಟ ಆಯ್ತು.

ವಾಸ್ಕೋ_ವಾಸಿ
ನಮ್ಮ ಕಡೆ ಈ ಥರ ನೆಲದ ಕಲ್ಲುಹೂ ಇಲ್ವಾ? ನಾನು ಶಿರಸಿ ಕಡೆಯವ, ಈಗ ಗೋವಾದಲ್ಲಿದ್ದೇನೆ. ಇಲ್ಲಿನ ಜಂಬಿಟ್ಟಿಗೆ ಕಲ್ಲಿನ ಬಯಲಿನ ಮೇಲೆ ಬೂದು ಬಿಳಿ ಮಚ್ಚೆ ಇರ್ತಾವೆ. ಮಳೆ ಬಿದ್ದ ಕೂಡಲೇ ಹಸಿರಾಗ್ತಾವೆ. ಅದು ಇದರ ತಮ್ಮನಾ?

ಟೇಕಡಿ_ತಿರುಗಾಟ
ಫೋಟೋ ನೋಡದೆ ಜಾತಿ ಹೇಳೋಕಾಗಲ್ಲ. ಬಂಡೆಗೆ ಬಣ್ಣ ಬಳಿದ ಹಾಗಿದ್ದರೆ ಪೊರೆಯಂಥ ಕಲ್ಲುಹೂ ಇರಬಹುದು. ಮಳೆಗೆ ಹಸಿರಾಗೋದು ಅದರೊಳಗಿನ ಪಾಚಿ ಕಾಣೋದರಿಂದ. ಒಣಗಿದಾಗ ಮೇಲಿನ ಶಿಲೀಂಧ್ರದ ಪದರ ಅಪಾರದರ್ಶಕ, ನೆನೆದಾಗ ಬೆಳಕು ದಾಟಿ ಹಸಿರು ಹೊಳೆಯುತ್ತೆ.

ಸ್ಟೆಲ್ಲಾರಿಸ್ ಪಶ್ಚಿಮ ಘಟ್ಟದಲ್ಲಿ ಇಲ್ಲ. ಆದರೆ ಕ್ಲಾಡೋನಿಯಾ ಕುಲದ ಬೇರೆಯವು ನೀಲಗಿರಿ, ಪಳನಿ ಬೆಟ್ಟದ ಎತ್ತರದಲ್ಲಿ, ರಸ್ತೆ ಕಡಿದ ಮಣ್ಣಿನ ದಂಡೆಗಳ ಮೇಲೆ ಇವೆ. ಬಟ್ಟಲು, ಕೋಲು, ತುದಿಯಲ್ಲಿ ಕೆಂಪು ಚುಕ್ಕೆ ಹೊತ್ತವೂ ಇವೆ. ಬೆರಳುಗುರಿನಷ್ಟು ಗಾತ್ರ, ಆದರೆ ದಂಡೆ ಕೆರೆಯೋ ಜೆಸಿಬಿಗೆ ಒಂದು ನಿಮಿಷ ಸಾಕು. ಅದಕ್ಕೆ ನನಗೆ ಉತ್ತರ ಧ್ರುವದ ಕತೆ ದೂರದ್ದು ಅನ್ನಿಸೋದಿಲ್ಲ. ಸಾತಾರಾ ಹತ್ತಿರದ ಕಾಸ್ ಪಠಾರಕ್ಕೆ (ಪ್ರಸ್ಥಭೂಮಿ) ಹೂವಿನ ಕಾಲದಲ್ಲಿ ಹೋಗೋರು ಕಾಲ ಕೆಳಗೂ ನೋಡಿ. ದಾರಿ ಬಿಟ್ಟು ಬಂಡೆ ಮೇಲೆ ಕೂತು ಫೋಟೋ ತೆಗೆಸಿಕೊಳ್ಳೋರು ತುಳಿಯೋದು ಬರೀ ಕಲ್ಲನ್ನಲ್ಲ.

ಇನ್ನೊಂದು: ಪುಣೆಯಲ್ಲೇ ಅಘಾರಕರ್ ಸಂಶೋಧನಾ ಸಂಸ್ಥೆ ಇದೆಯಲ್ಲ, ಅಲ್ಲಿ ಕಲ್ಲುಹೂ ಅಧ್ಯಯನ ದಶಕಗಳಿಂದ ನಡೆದಿದೆ. ಅಜ್ರೇಕರ್ ಹೆಸರಿನ ಶಿಲೀಂಧ್ರ ಸಂಗ್ರಹದಲ್ಲಿ ಒಣಗಿಸಿದ ಮಾದರಿಗಳಿವೆ. ನಮ್ಮೂರಲ್ಲೇ ಇಂಥ ಸಂಪತ್ತು ಇಟ್ಟುಕೊಂಡು ನಾವು ‘ಮಾಸ್’ ಅಂತ ಕೇಳಿ ಕೊಳ್ಳುತ್ತೀವಿ.

ವಿಮಾನನಗರ_ವಿನ್ಯಾಸ
ಪೂರ್ತಿ ಒಪ್ಪಲ್ಲ, ಆದರೂ ಇನ್ಮೇಲೆ ಗ್ರಾಹಕರಿಗೆ ಇದು ಏನು, ಎಲ್ಲಿಂದ ಬಂತು ಅಂತ ಮೊದಲೇ ಹೇಳ್ತೀನಿ. ‘ಜೀವಂತ’ ಅಂತ ಮಾರೋದು ನಮ್ಮ ವೃತ್ತಿಗೇ ಕಳಂಕ. ಹಾಕಿಸಲೇಬೇಕು ಅನ್ನೋರು ಮೂಲದ ದಾಖಲೆ, ಬೆಂಕಿ ತಡೆ ಪ್ರಮಾಣಪತ್ರ ಎರಡೂ ಕೇಳಿ. ಎಸಿ ಇಲ್ಲದ ಜಾಗಕ್ಕೆ ಹಾಕಿಸಬೇಡಿ. ಈಗಾಗಲೇ ಇರೋದನ್ನು ಕಿತ್ತೆಸೆಯೋದು ಎಲ್ಲಕ್ಕಿಂತ ಕೆಟ್ಟದ್ದು, ಬಿಸಿಲು ತಾಗದ ಹಾಗೆ ನೋಡಿಕೊಂಡರೆ ವರ್ಷಗಟ್ಟಲೆ ಬಾಳುತ್ತೆ.

ಟೇಕಡಿ_ತಿರುಗಾಟ
ಈ ಕೊನೆಯ ಮಾತು ನೂರಕ್ಕೆ ನೂರು ಸರಿ.

ಹಿಂಜೆವಾಡಿ_ಹುಡುಗಿ
ಕಮಿಟಿ ಗ್ರೂಪಿಗೆ ಈ ಚರ್ಚೆಯನ್ನೇ ಮರಾಠಿಗೆ ತಿರುಗಿಸಿ ಕಳಿಸಿದೆ. ಕ್ಲಬ್‌ಹೌಸ್‌ಗೆ ಕುಂಡದ ಗಿಡ ಅಂತ ಹೆಚ್ಚಿನವರು ಅಂದಿದ್ದಾರೆ, ಅಧ್ಯಕ್ಷರು ಇನ್ನೂ ಹಿಡಿದುಕೊಂಡಿದ್ದಾರೆ. ಭಾನುವಾರ ಮೀಟಿಂಗ್.

ಕೊತ್ರೂಡ್_ಕನ್ನಡತಿ
ಟೇಕಡಿಯವರೇ, ನಮ್ಮ ವೇತಾಳ ಟೇಕಡಿ ಗುಡ್ಡಕ್ಕೆ ಒಂದು ಬೆಳಿಗ್ಗೆ ಕರ್ಕೊಂಡು ಹೋಗಿ ತೋರಿಸ್ತೀರಾ? ಮಕ್ಕಳನ್ನೂ ಕರ್ಕೊಂಡು ಬರ್ತೀವಿ.

ಟೇಕಡಿ_ತಿರುಗಾಟ
ಖಂಡಿತ. ಮಳೆ ನಿಂತ ಮಾರನೇ ಬೆಳಿಗ್ಗೆ ಆದರೆ ಒಳ್ಳೆಯದು, ಆಗ ಬಣ್ಣ ಚೆನ್ನಾಗಿ ಕಾಣುತ್ತೆ. ಬಂಡೆಗಳ ಮೇಲೆ, ಗ್ಲಿರಿಸಿಡಿಯಾ ಮರಗಳ ತೊಗಟೆ ಮೇಲೆ ಹುಡುಕೋಣ. 10 ಪಟ್ಟು ದೊಡ್ಡದು ತೋರಿಸೋ ಲೆನ್ಸ್ ಇದ್ದರೆ ತನ್ನಿ, ಚಾಕು ತರಬೇಡಿ. ಏನನ್ನೂ ಕೆರೆಯೋದಿಲ್ಲ.

ಸೋಲಾಪುರ_ಸ್ಟೇಷನ್
ನಾನೂ ಬರ್ತೀನಿ. ಎಆರ್‌ಎಐ ಗೇಟಾ, ಪಾಷಾಣ್ ಕಡೆಯಿಂದಾ?

ಟೇಕಡಿ_ತಿರುಗಾಟ
ಎಆರ್‌ಎಐ ಕಡೆಯಿಂದ. ಆರೂವರೆಗೆ.